ಫ್ರೀಕೋಡ್‌ಕ್ಯಾಂಪ್: ಫೀಸಿಲ್ಲದೆ ವೆಬ್ ಕೆಲಸ ಕಲಿಯಲು ಒಳ್ಳೆಯ ಜಾಗ

ಕಲಬುರಗಿಯಲ್ಲಿ ಬಿಸಿಎ ಮುಗಿಸಿದವರು ನನ್ನನ್ನು ಕೇಳುವುದು ಇದನ್ನೇ: "ಅಕ್ಕಾ, ರಿಯಾಕ್ಟ್ ಕಲೀಲೋ, ಪಿಎಚ್‌ಪಿ ಕಲೀಲೋ? ಕೆಲಸ ಯಾವುದಕ್ಕೆ ಸಿಗ್ತದ?" ರಿಯಾಕ್ಟ್ ಅಂದರೆ ವೆಬ್ ಪುಟ ಕಟ್ಟಲು ಜಾವಾಸ್ಕ್ರಿಪ್ಟ್‌ನಲ್ಲಿ ಬರೆದಿಟ್ಟ ಸಿದ್ಧ ಕೋಡ್, ಪಿಎಚ್‌ಪಿ ಅಂದರೆ ಸರ್ವರ್‌ನಲ್ಲಿ ಓಡುವ ಭಾಷೆ. ನಾನು ಇಲ್ಲಿನ ದಾಲ್ ಮಿಲ್ಲು, ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ನನ್ನ ಉತ್ತರ: ಮೊದಲು ಜಾವಾಸ್ಕ್ರಿಪ್ಟ್, ಬ್ರೌಸರ್‌ನಲ್ಲಿ ಪುಟಕ್ಕೆ ಜೀವ ತುಂಬುವ ಭಾಷೆ.

ನನ್ನ ತಂಗಿ ಊರಿನ ಒಂದು ಕೋಚಿಂಗ್ ಸೆಂಟರ್‌ಗೆ ಸೇರಿದ್ದಳು. 'ಫುಲ್ ಸ್ಟ್ಯಾಕ್' (ಕಾಣುವ ಪುಟ, ಹಿಂದಿನ ಸರ್ವರ್ ಎರಡರ ಕೆಲಸವೂ) ಅಂತ ಬೋರ್ಡ್ ತುಂಬ ಹೆಸರುಗಳು. ಕೋರ್ಸ್ ಮುಗಿದರೂ, ಫಾರ್ಮ್‌ನಲ್ಲಿ ಹಾಕಿದ ಫೋನ್ ನಂಬರ್ ಹತ್ತು ಅಂಕಿ ಇದೆಯಾ ಅಂತ ನೋಡುವ ಕೋಡನ್ನು ಬರೆಯಲು ಯಾರೂ ಕಲಿಸಿರಲಿಲ್ಲ. ನನಗೆ ತುಂಬ ಬೇಜಾರಾಯಿತು. ಆಮೇಲೆ ಅವಳನ್ನು ಫ್ರೀಕೋಡ್‌ಕ್ಯಾಂಪ್ ಅನ್ನುವ ಕೋಡಿಂಗ್ ಕಲಿಸುವ ವೆಬ್‌ಸೈಟ್ ಮುಂದೆ ಕೂರಿಸಿದೆ.

ಇದನ್ನು 2014ರಲ್ಲಿ ಕ್ವಿನ್ಸಿ ಲಾರ್ಸನ್ ಶುರು ಮಾಡಿದರು. ಲಾಭಕ್ಕಾಗಿ ನಡೆಸುವ ಸಂಸ್ಥೆ ಅಲ್ಲ, ಸರ್ಟಿಫಿಕೇಟಿಗೂ ದುಡ್ಡಿಲ್ಲ. ಪಾಠ ಓದಿ ಅಲ್ಲೇ ಕೋಡ್ ಬರೆದರೆ ಪಕ್ಕದಲ್ಲೇ ಪುಟ ಕಾಣುತ್ತದೆ. ತಪ್ಪಿದ್ದರೆ ಟೆಸ್ಟ್ ಪಾಸ್ ಆಗುವುದಿಲ್ಲ, ಎಲ್ಲಿ ತಪ್ಪಿದೆ ಅನ್ನುವ ಸುಳಿವೂ ಸಿಗುತ್ತದೆ. ಆದರೆ ಹೆಜ್ಜೆಗಳು ತೀರಾ ಚಿಕ್ಕವು. ಒಂದು ಸಾಲು ತುಂಬಿಸಿ ಮುಂದೆ ಹೋಗುತ್ತಿದ್ದರೆ ಎಲ್ಲ ಬಂತು ಅನ್ನಿಸಿಬಿಡುತ್ತದೆ. ನಿಜವಾಗಿ ಕೈ ಪಳಗುವುದು ಸ್ವಂತವಾಗಿ ಕಟ್ಟಬೇಕಾದ ಪ್ರಾಜೆಕ್ಟ್‌ಗಳಲ್ಲಿ. ಅವನ್ನು ಯಾರದೋ ಕೋಡ್ ಕಾಪಿ ಮಾಡಿ ಮುಗಿಸಬೇಡಿ. ತಂಗಿ ಅಲ್ಲಿ ಕಲಿತದ್ದರಿಂದ ತೊಗರಿ ದರ ಹಾಕುವ ಒಂದು ಪುಟ ಮಾಡಿದಳು. ಇಂಟರ್‌ವ್ಯೂನಲ್ಲಿ ಸರ್ಟಿಫಿಕೇಟ್ ಬದಿಗಿಟ್ಟು ಆ ಪುಟದ ಬಗ್ಗೆಯೇ ಜಾಸ್ತಿ ಕೇಳಿದರು.

ರಿಯಾಕ್ಟ್ ಬೇಡ ಅಂತಲ್ಲ. 2013ರಲ್ಲಿ ಫೇಸ್‌ಬುಕ್ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು, ಬೆಂಗಳೂರು ಹೈದರಾಬಾದ್ ಕಂಪನಿಗಳು ಈಗಲೂ ಕೇಳುತ್ತವೆ. ಆದರೆ ಅದು ಜಾವಾಸ್ಕ್ರಿಪ್ಟೇ ಅಲ್ವಾ? ತಳ ಗಟ್ಟಿಯಿದ್ದರೆ ಬೇಗ ಹತ್ತುತ್ತದೆ. ಊರಲ್ಲೇ ಇದ್ದು ದುಡಿಯುವ ಆಸೆ ಇದ್ದರೆ ಪಿಎಚ್‌ಪಿಯನ್ನು ಹಳೇದು ಅಂತ ತಳ್ಳಬೇಡಿ. ವೆಬ್‌ಸೈಟ್ ಕಟ್ಟಲು ಬಳಸುವ ವರ್ಡ್‌ಪ್ರೆಸ್ ಸಾಫ್ಟ್‌ವೇರ್ ನಿಂತಿರುವುದೇ ಅದರ ಮೇಲೆ, ನನಗೆ ಬರುವ ಕೆಲಸವೂ ಬಹುಪಾಲು ಅದೇ. ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಎಸ್‌ಕ್ಯುಎಲ್, ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಈ ಎರಡೂ ದಾರಿಗಳಿಗೆ ಬೇಕು.

ದೊಡ್ಡ ಕೊರತೆ, ಪಾಠ ಕನ್ನಡದಲ್ಲಿಲ್ಲ. ಕನ್ನಡ ಮಾಧ್ಯಮದಿಂದ ಬಂದ ಆಳಂದ, ಸೇಡಂ ಕಡೆಯ ಮಕ್ಕಳು ಕೋಡಿಗಿಂತ ಮೊದಲು ಇಂಗ್ಲಿಷಿಗೇ ಹೆದರುತ್ತಾರೆ. ಇಬ್ಬರು ಮೂವರು ಸೇರಿ ಕೂತರೆ ಸ್ವಲ್ಪ ಸುಲಭ. ಮೊಬೈಲ್‌ನಲ್ಲಿ ಕೋಡ್ ಟೈಪ್ ಮಾಡುವುದು ಸುಮ್ನೆ ಒದ್ದಾಟ, ಹಳೆಯ ಲ್ಯಾಪ್‌ಟಾಪ್ ಆದರೂ ಸಾಕು. ಲಾಗಿನ್ ಆಗದೆಯೂ ಪಾಠ ತೆರೆದು ನೋಡಬಹುದು. ಮಾಡಿದ್ದು ಉಳಿಯಬೇಕಾದರೆ ಮಾತ್ರ ಈಮೇಲ್ ಕೊಡಿ.