ಹನ್ನೊಂದು ವರ್ಷ ಬಳಸಿದ ಹಳೇ ಪ್ರಪೋರ್ಷನಲ್ ಸೆಟ್: ಏನು ಉಳಿಯಿತು, ಏನು ಬದಲಾಯಿತು

ಮಾಡೆಲ್ ವಿಮಾನ ಹಾರಿಸಲು ಹಳೇ ರೇಡಿಯೋ ಕಂಟ್ರೋಲ್ ಸೆಟ್ ಕೊಳ್ಳುವವರು ಎಲ್ಲಕ್ಕಿಂತ ಮೊದಲು ಟ್ರಾನ್ಸ್‌ಮಿಟರ್‌ನ ಸ್ಟಿಕ್ ಅಲ್ಲಾಡಿಸಿ ನೋಡುತ್ತಾರೆ. ಬೇಡ. ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ನೋಡಿ.

ನನ್ನದು 1970ರ ದಶಕದ ಐದು ಚಾನೆಲ್ ಡಿಜಿಟಲ್ ಪ್ರಪೋರ್ಷನಲ್ ಸೆಟ್, ಅಂದರೆ ಸ್ಟಿಕ್ ಸರಿಸಿದಷ್ಟೇ ವಿಮಾನದ ಭಾಗವೂ ಸರಿಯುವ ಥರದ್ದು. ಅಲ್ಯೂಮಿನಿಯಂ ಪೆಟ್ಟಿಗೆ, ಒಂದು ಮೀಟರಿಗೂ ಉದ್ದದ ಆಂಟೆನಾ, ವಿಮಾನದ ಭಾಗಗಳನ್ನು ತಿರುಗಿಸುವ ಪುಟ್ಟ ಮೋಟರ್ ಪೆಟ್ಟಿಗೆಗಳು ಅಂದರೆ ಸರ್ವೋ ನಾಲ್ಕು. ಕೈಗೆ ಬಂದಾಗ ಹೊರಗಡೆ ಹೊಸದರಂತೆ ಇತ್ತು. ಒಳಗೆ ನಿಕಲ್ ಕ್ಯಾಡ್ಮಿಯಂ ಸೆಲ್‌ಗಳು ಸೋರಿ ಬಿಳಿ ಪುಡಿ ಕಟ್ಟಿತ್ತು. ನೆಗೆಟಿವ್ ತಂತಿಯ ಪ್ಲಾಸ್ಟಿಕ್ ಸುಲಿದರೆ ತಾಮ್ರ ಕರ್ರಗೆ, ಬೆಸುಗೆ ಹಿಡಿಯುವುದೇ ಇಲ್ಲ. ಆ ಕಪ್ಪು ಬಣ್ಣ ಸ್ವಿಚ್‌ವರೆಗೂ ಹಬ್ಬಿತ್ತು. ಮೀಟರ್ ಇಟ್ಟರೆ ವೋಲ್ಟೇಜ್ ಸರಿಯಾಗೇ ತೋರಿಸುತ್ತದೆ, ಆದರೆ ನಾಲ್ಕು ಸರ್ವೋ ಒಟ್ಟಿಗೆ ತಿರುಗಿದ ಕ್ಷಣ ಕುಸಿಯುತ್ತದೆ. ಸೆಲ್, ತಂತಿ, ಸ್ವಿಚ್ ಮೂರನ್ನೂ ಬದಲಿಸಿದೆ. ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಕೂಡ 1.2 ವೋಲ್ಟ್ ತಾನೆ, ನಾಲ್ಕು ಹಾಕಿದರೆ ಅದೇ 4.8 ವೋಲ್ಟ್, ವಿಮಾನದಲ್ಲಿರುವ ರಿಸೀವರ್‌ಗೆ ಏನೂ ವ್ಯತ್ಯಾಸ ಗೊತ್ತಾಗಲ್ಲ.

ಇನ್ನು ಸ್ಟಿಕ್. ಇಷ್ಟು ವರ್ಷ ಈ ಸೆಟ್ ಇಟ್ಟುಕೊಂಡದ್ದೇ ಇದಕ್ಕಾಗಿ. ನಡುವಿಗೆ ಬಂದು ನಿಲ್ಲುವ ರೀತಿ, ಬೆರಳಿಗೆ ಸಿಗುವ ಸ್ಪ್ರಿಂಗಿನ ಬಿಗಿ, ಎರಡೂ ಇವತ್ತಿಗೂ ಸಡಿಲವಾಗಿಲ್ಲ. ಆಮೇಲೆ ಕೊಂಡ ಎರಡು ಹೊಸ ಟ್ರಾನ್ಸ್‌ಮಿಟರ್‌ಗಳಲ್ಲಿ ಈ ಹಿತ ನನಗೆ ಸಿಕ್ಕಿಲ್ಲ.

ಆದರೆ ಅನುಕೂಲಗಳು ಕಡಿಮೆ. ಮಿಕ್ಸಿಂಗ್ (ಒಂದೇ ಸ್ಟಿಕ್‌ನಿಂದ ಎರಡು ಸರ್ವೋ ಒಟ್ಟಿಗೆ ನಡೆಸುವುದು) ಇಲ್ಲ, ಸರ್ವೋ ತಿರುವು ಬದಲಿಸುವ ಸ್ವಿಚ್ ಕೂಡ ಇಲ್ಲ. ವಿಮಾನದ ಮೂಗನ್ನು ಮೇಲೆ ಕೆಳಗೆ ಮಾಡುವ ಬಾಲದ ಪಟ್ಟಿ ಎಲಿವೇಟರ್ ಉಲ್ಟಾ ಹೋದರೆ, ಸರ್ವೋಗೂ ಅದಕ್ಕೂ ನಡುವಿನ ಕಡ್ಡಿ ಪುಶ್‌ರಾಡನ್ನು ಸರ್ವೋ ತೋಳಿನ ಇನ್ನೊಂದು ಬದಿಗೆ ಸಿಕ್ಕಿಸಬೇಕು, ಇಲ್ಲವೇ ಸರ್ವೋ ಬಿಚ್ಚಿ ಮೋಟರ್ ತಂತಿಗಳನ್ನೂ ಸರ್ವೋ ಎಷ್ಟು ತಿರುಗಿದೆ ಎಂದು ಅಳೆಯುವ ಪಾಟ್‌ನ (ಪೊಟೆನ್ಷಿಯೋಮೀಟರ್) ಎರಡು ತುದಿಯ ತಂತಿಗಳನ್ನೂ ಅದಲು ಬದಲು ಮಾಡಬೇಕು. ನಾನು ಯಾವಾಗಲೂ ಪುಶ್‌ರಾಡ್ ದಾರಿಯನ್ನೇ ಹಿಡಿದಿದ್ದೇನೆ. ಸರ್ವೋ ನಡುಗುತ್ತಿದ್ದರೆ ಮೋಟರನ್ನು ಬಯ್ಯಬೇಡಿ, ಸಾಮಾನ್ಯವಾಗಿ ಪಾಟ್‌ನ ಇಂಗಾಲದ ಪಟ್ಟಿ ನಡುವಿನಲ್ಲಿ ಸವೆದಿರುತ್ತದೆ ಅಥವಾ ಕೊಳೆ ಹಿಡಿದಿರುತ್ತದೆ. ನನ್ನ ನಾಲ್ಕರಲ್ಲಿ ಎರಡು ತೊಳೆದ ಮೇಲೆ ಸರಿಹೋದವು, ಎರಡಕ್ಕೆ ಪಾಟನ್ನೇ ಬದಲಿಸಿದೆ. ಹೊಸ ಸರ್ವೋ ಸೇರಿಸುವ ಮುಂಚೆ ಪ್ಲಗ್‌ನ ತಂತಿಗಳ ಕ್ರಮ ಮೀಟರ್ ಇಟ್ಟು ನೋಡಲೇಬೇಕು, ಹಳೇ ಸೆಟ್‌ಗಳಲ್ಲಿ ಒಂದೊಂದರದ್ದು ಒಂದೊಂದು ಥರ.

ಇಷ್ಟೆಲ್ಲಾ ಇದ್ದರೂ ಇದನ್ನು ನಾನು ಕಷ್ಟದ ಸೆಟ್ ಅನ್ನಲಾರೆ, ಯಾಕೆಂದರೆ ಇದಕ್ಕಿಂತ ಹಿಂದಿನದೊಂದು ಸಿಂಗಲ್ ಚಾನೆಲ್ ಎಸ್ಕೇಪ್‌ಮೆಂಟ್ ನನ್ನ ಮೇಜಿನ ಮೇಲಿದೆ. ತಿರುಚಿದ ರಬ್ಬರ್ ಬ್ಯಾಂಡಿನ ಬಲದಿಂದ ರಡ್ಡರ್, ಅಂದರೆ ವಿಮಾನವನ್ನು ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿ, ತಿರುಗುತ್ತದೆ. ಗುಂಡಿ ಒತ್ತಿದರೆ ಬಲಕ್ಕೆ, ಬಿಟ್ಟರೆ ನಡುವಿಗೆ, ಮತ್ತೆ ಒತ್ತಿದರೆ ಎಡಕ್ಕೆ. ಎರಡು ಸಲ ಬಲಕ್ಕೇ ಬೇಕಾದರೆ ನಡುವೆ ಎಡವನ್ನು ದಾಟಿಕೊಂಡೇ ಬರಬೇಕು! ಆಮೇಲೆ ಬಂದ ರೀಡ್ ಸೆಟ್‌ಗಳಲ್ಲಿ ಟ್ರಾನ್ಸ್‌ಮಿಟರ್ ಕಳಿಸುವ ಒಂದೊಂದು ಸ್ವರಕ್ಕೆ ರಿಸೀವರ್‌ನಲ್ಲಿ ಒಂದೊಂದು ಉಕ್ಕಿನ ಪಟ್ಟಿ ಕಂಪಿಸುತ್ತಿತ್ತು, ಆದರೂ ರಡ್ಡರ್ ಪೂರ್ತಿ ಈ ಕಡೆ, ಇಲ್ಲ ಪೂರ್ತಿ ಆ ಕಡೆ. ಸ್ಟಿಕ್ ಎಷ್ಟು ಸರಿಸಿದರೆ ಅಷ್ಟೇ ರಡ್ಡರ್ ಸರಿಯುವುದು 1960ರ ದಶಕದ ಪ್ರಪೋರ್ಷನಲ್ ಸೆಟ್‌ಗಳಿಂದ ಎಲ್ಲರಿಗೂ ರೂಢಿಯಾಯಿತು. ಆ ಎಸ್ಕೇಪ್‌ಮೆಂಟನ್ನು ಅರ್ಧ ಗಂಟೆ ಆಡಿಸಿ ನೋಡಿದರೆ ಸಾಕು, ಸ್ಟಿಕ್‌ನ ಬೆಲೆ ತಾನಾಗೇ ಗೊತ್ತಾಗುತ್ತದೆ.

ಮೊದಲ ಆರು ವರ್ಷ ಮೂಲ ಫ್ರೀಕ್ವೆನ್ಸಿಯಲ್ಲೇ ಹಾರಿಸಿದೆ. ಆಂಟೆನಾ ಪೂರ್ತಿ ಎಳೆಯಬೇಕು, ಅದರ ತುದಿಯನ್ನು ವಿಮಾನದ ಕಡೆಗೆ ನೆಟ್ಟಗೆ ಹಿಡಿಯಬಾರದು, ಆ ದಿಕ್ಕಿಗೆ ಸಿಗ್ನಲ್ ತೀರಾ ಕಡಿಮೆ. ರಿಸೀವರ್‌ನ ಉದ್ದ ತಂತಿಯನ್ನು ಸುತ್ತಿಡಬಾರದು, ಕತ್ತರಿಸಲೂಬಾರದು. ಇವೆಲ್ಲ ಅಭ್ಯಾಸವಾಗಿಬಿಟ್ಟವು. ನನ್ನನ್ನು ಸೋಲಿಸಿದ್ದು ಬೇರೆ. ಒಂದು ದಿನ ಮೈದಾನದಲ್ಲಿ ಒಬ್ಬರು ಫ್ರೀಕ್ವೆನ್ಸಿ ಪಿನ್ (ಆ ಫ್ರೀಕ್ವೆನ್ಸಿ ಸದ್ಯ ಯಾರ ಬಳಿ ಇದೆ ಎಂದು ತೋರಿಸುವ ಗುರುತು) ತೆಗೆದುಕೊಳ್ಳದೆ ನನ್ನ ಫ್ರೀಕ್ವೆನ್ಸಿಯಲ್ಲೇ ತಮ್ಮ ಸೆಟ್ ಆನ್ ಮಾಡಿದರು. ವಿಮಾನ ಎರಡು ಸಲ ಉರುಳಿ ನೆಲಕ್ಕೆ ಬಿತ್ತು. ರೆಕ್ಕೆ ಪೂರ್ತಿ ಹೋಯಿತು, ಸರ್ವೋಗಳು ಉಳಿದವು. ಆ ಹಳೇ ರಿಸೀವರ್‌ನಲ್ಲಿ ಸಿಗ್ನಲ್ ಕೆಟ್ಟಾಗ ಸರ್ವೋಗಳನ್ನು ಸುರಕ್ಷಿತ ಸ್ಥಿತಿಗೆ ತರುವ ಫೇಲ್‌ಸೇಫ್ ಅನ್ನುವುದೇ ಇಲ್ಲ, ಬೇರೆ ಸಿಗ್ನಲ್ ಬಂದು ಸೇರಿದರೆ ಸರ್ವೋ ಎಲ್ಲಿಗೆ ಬೇಕಾದರೂ ಓಡುತ್ತದೆ. ಯಾರಿಗಾದರೂ ತಗುಲಿದ್ದರೆ?

ಅವತ್ತೇ ನಿರ್ಧಾರ ಮಾಡಿದೆ. ಟ್ರಾನ್ಸ್‌ಮಿಟರ್‌ನಲ್ಲಿ ಸ್ಟಿಕ್‌ನ ಚಲನೆಯನ್ನು ಪಲ್ಸ್‌ಗಳಾಗಿಸುವ ಎನ್‌ಕೋಡರ್ ಹಾಗೇ ಇಟ್ಟು, ಅಲೆ ಕಳಿಸುವ ಬೋರ್ಡ್ ಮಾತ್ರ ತೆಗೆದು 2.4 ಗಿಗಾಹರ್ಟ್ಜ್ ಮಾಡ್ಯೂಲ್ ಹಾಕಿದೆ. ಎನ್‌ಕೋಡರ್ ಕೊಡುವುದು ಒಂದೊಂದು ಚಾನೆಲ್‌ಗೆ ಸುಮಾರು 1ರಿಂದ 2 ಮಿಲಿಸೆಕೆಂಡಿನ ಪಲ್ಸ್, ಮಾಡ್ಯೂಲ್ ಕೇಳುವುದೂ ಅದನ್ನೇ. ಸಿಗ್ನಲ್ ಮಟ್ಟ ಹೊಂದಿಸಲು ಸಣ್ಣದೊಂದು ಟ್ರಾನ್ಸಿಸ್ಟರ್ ಸರ್ಕ್ಯೂಟ್ ಬೇಕಾಯಿತು, ಅಷ್ಟೇ. ಪೆಟ್ಟಿಗೆಗೆ ಒಂದು ರಂಧ್ರವನ್ನೂ ಕೊರೆದಿಲ್ಲ, ಹೊಸ ಆಂಟೆನಾ ಹಳೇ ಆಂಟೆನಾದ ತೂತಿನಿಂದಲೇ ಹೊರಬಂದಿದೆ. ಐದು ವರ್ಷವಾಯಿತು, ಒಂದು ಸಲವೂ ಸಿಗ್ನಲ್ ತಪ್ಪಿಲ್ಲ.

ಹೀಗೆ ಮಾಡಿದರೆ ಅದು ವಿಂಟೇಜ್ ಅಲ್ಲ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮೂಲ ಬೋರ್ಡ್, ಫ್ರೀಕ್ವೆನ್ಸಿ ನಿಗದಿ ಮಾಡುವ ಕ್ರಿಸ್ಟಲ್ ಜೋಡಿ, ರಿಸೀವರ್ ಮೂರೂ ಡಬ್ಬಿಯಲ್ಲಿ ಭದ್ರವಾಗಿವೆ, ಬೇಕಾದಾಗ ಒಂದು ಸಂಜೆಯಲ್ಲಿ ವಾಪಸ್ ಹಾಕಬಹುದು.

ಬೆಸುಗೆ ಹಾಕಲು ಬಾರದವರು, ಬಂದ ದಿನವೇ ಹಾರಿಸಬೇಕು ಅನ್ನುವವರು ಹಳೇ ಸೆಟ್ ತಗೋಬೇಡಿ. ತಗೊಂಡಿದ್ದರೆ ಪೂರ್ತಿ ಚಾರ್ಜ್ ಮಾಡಿ, ಒಂದು ಗಂಟೆ ಮೇಜಿನ ಮೇಲೆ ನಾಲ್ಕೂ ಸರ್ವೋ ಆಡಿಸುತ್ತಾ ಇರಿ, ಮಧ್ಯೆ ಮಧ್ಯೆ ತಂತಿಗಳನ್ನು ಮೆಲ್ಲಗೆ ಅಲ್ಲಾಡಿಸಿ. ಒಂದೇ ಒಂದು ಸರ್ವೋ ಬೆಚ್ಚಿಬಿದ್ದರೂ ಅವತ್ತು ಮೈದಾನಕ್ಕೆ ಹೋಗಬೇಡಿ.