ನೆರವಿನ ದುಡ್ಡೋ, ಸುಂಕವಿಲ್ಲದ ಮಾರುಕಟ್ಟೆಯೋ?

ಬಡ ದೇಶವೊಂದು ಶ್ರೀಮಂತ ದೇಶದ ಎದುರು ಮಾತುಕತೆಗೆ ಕೂತಾಗ ಯಾವುದಕ್ಕೆ ಜಾಸ್ತಿ ಪಟ್ಟು ಹಿಡಿಯಬೇಕು, ನೆರವಿನ ದುಡ್ಡಿಗೋ ಅಥವಾ ಅಲ್ಲಿ ಸುಂಕವಿಲ್ಲದೆ ತನ್ನ ಸರಕು ಮಾರುವ ಅವಕಾಶಕ್ಕೋ?

ನೆರವು ಬೇಗ ಕೈಗೆ ಬರುತ್ತದೆ. ಬರಗಾಲದಲ್ಲಿ ಧಾನ್ಯ, ಮಕ್ಕಳಿಗೆ ಲಸಿಕೆ, ಇಂಥದ್ದಕ್ಕೆ ನೆರವೇ ಸರಿ, ವ್ಯಾಪಾರ ಕುದುರುವವರೆಗೆ ಹಸಿವು ಕಾಯುವುದಿಲ್ಲ ಅಲ್ವಾ. ಆದರೆ ಕೊಡುವವರ ಮನಸ್ಸು ಬದಲಾದರೆ ಮುಗೀತು. ಬ್ರಿಟನ್ ತನ್ನ ರಾಷ್ಟ್ರೀಯ ಆದಾಯದ ಶೇ 0.7ರಷ್ಟಿದ್ದ ನೆರವನ್ನು 2021ರಲ್ಲಿ ಶೇ 0.5ಕ್ಕೆ ಇಳಿಸಿತು. ಅಮೆರಿಕವಂತೂ 2025ರಲ್ಲಿ ವಿದೇಶಗಳಿಗೆ ನೆರವು ಕೊಡುತ್ತಿದ್ದ ತನ್ನ ಯುಎಸ್‌ಏಡ್ ಸಂಸ್ಥೆಯನ್ನೇ ಮುಚ್ಚಿತು. ಇನ್ನೊಂದು ತಮಾಷೆ ನೋಡಿ, ಅಮೆರಿಕದ ಆಹಾರ ನೆರವಿನಲ್ಲಿ ಕನಿಷ್ಠ ಅರ್ಧದಷ್ಟು ಅಲ್ಲಿನ ಹಡಗುಗಳಲ್ಲೇ ಸಾಗಬೇಕು ಎಂಬ ಕಾನೂನಿದೆ. ಬಾಡಿಗೆ ಜಾಸ್ತಿಯಾದಷ್ಟೂ ಅದೇ ದುಡ್ಡಿಗೆ ಸಿಗುವ ಕಾಳು ಕಡಿಮೆ.

ಮಾರುಕಟ್ಟೆಯ ಲಾಭ ನಿಧಾನ. ಸಿಕ್ಕರೆ ಮಾತ್ರ ಕಾರ್ಖಾನೆ, ಕೆಲಸ, ಸಂಬಳ ಎಲ್ಲ ಊರಲ್ಲೇ ಉಳಿಯುತ್ತವೆ. ಅತಿ ಹಿಂದುಳಿದ ದೇಶಗಳಿಗೆ ಶಸ್ತ್ರಾಸ್ತ್ರ ಬಿಟ್ಟು ಉಳಿದೆಲ್ಲ ಸರಕಿಗೆ ಸುಂಕ ಬೇಡ ಎಂಬ ನೀತಿಯನ್ನು ಐರೋಪ್ಯ ಒಕ್ಕೂಟ 2001ರಲ್ಲಿ ತಂದಿತು. ಬಾಂಗ್ಲಾದೇಶದ ಸಿದ್ಧ ಉಡುಪು ಉದ್ಯಮಕ್ಕೆ ಅದು ದೊಡ್ಡ ಆಸರೆಯಾಯಿತು. ಆದರೆ ರಸ್ತೆ, ಕರೆಂಟು, ಬಂದರು ಇಲ್ಲದ ದೇಶಕ್ಕೆ ಬಾಗಿಲು ತೆರೆದಿದ್ದೂ ಸುಮ್ನೆ.

ನನ್ನನ್ನು ಕೇಳಿದರೆ, ಮಾರಲು ಸರಕಿದ್ದವರು ಮಾರುಕಟ್ಟೆಯನ್ನೇ ಕೇಳಲಿ. ಅದರಲ್ಲೂ ರಾಜಕೀಯ ಇದೆ, ಮರೆಯಬೇಡಿ. ರುವಾಂಡಾ ತನ್ನ ಬಟ್ಟೆ ಉದ್ಯಮ ಬೆಳೆಸಲು ಅಮೆರಿಕದಂಥ ದೇಶಗಳಿಂದ ಬರುವ ಹಳೇ ಬಟ್ಟೆಗಳ ಆಮದು ಸುಂಕ ಏರಿಸಿತು. ಅದೇ ಕಾರಣಕ್ಕೆ 2018ರಲ್ಲಿ ಅಮೆರಿಕ ರುವಾಂಡಾದ ಉಡುಪುಗಳಿಗಿದ್ದ ಸುಂಕ ವಿನಾಯಿತಿಯನ್ನೇ ತಡೆಹಿಡಿಯಿತು.