ಕೋಳಿ ಕಳ್ಳನನ್ನು ಹಿಡಿಯಲು ‘ವಾಸನೆ ಬಾಟಲಿ’ ತರಿಸಬೇಡಿ

ಮೂಡಿಗೆರೆ, ಆಲ್ದೂರು, ಬಾಳೂರು, ಸಕಲೇಶಪುರ ಕಡೆ ತೋಟ ಇರುವವರು, ಮನೆಯಲ್ಲಿ ನಾಟಿ ಕೋಳಿ ಸಾಕಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಫೋನಿನಲ್ಲಿ ಒಂದು ಜಾಹೀರಾತು ಓಡಾಡುತ್ತಿದೆ. ಚಿಕ್ಕ ಬಾಟಲಿಯಲ್ಲಿ ಗಟ್ಟಿ ಎಣ್ಣೆಯಂಥ ಪದಾರ್ಥ. ಒಂದು ಹನಿ ಸವರಿದರೆ ಸಾಕಂತೆ, ಕಬ್ಬೆಕ್ಕು, ಪುನುಗು, ನರಿ, ಮುಂಗುಸಿ ಯಾವುದೇ ಇರಲಿ, ತಾನಾಗಿ ಬಂದು ಬೋನಿಗೆ ಬೀಳುತ್ತದಂತೆ. ನಮ್ಮ ಪಕ್ಕದ ತೋಟದವರು ಅದನ್ನು ತರಿಸಿದರು. ನಮ್ಮ ನಾಯಿಯ ಮುಂಗಾಲು ಹೋಯಿತು. ತೋಟದ ಕೂಲಿಯವರ ಲೈನ್ ಮನೆಯ ಒಬ್ಬ ಹುಡುಗ ರೇಬಿಸ್ ಚುಚ್ಚುಮದ್ದು ಹಾಕಿಸಿಕೊಳ್ಳಬೇಕಾಯಿತು. ತರಿಸಿದವರು ಅರಣ್ಯ ಇಲಾಖೆಯ ಮಹಜರಿಗೆ ಸಹಿ ಹಾಕಿ ಕೂತಿದ್ದಾರೆ. ಕೋಳಿ ತಿಂದ ಪ್ರಾಣಿ ಯಾವುದು ಅಂತ ಇವತ್ತಿಗೂ ಗೊತ್ತಾಗಿಲ್ಲ.

ಪಕ್ಕದವರು ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ರಾತ್ರಿ ರಾತ್ರಿ ಕೋಳಿ ಹೋಗುತ್ತಿದ್ದವು, ಮನೆಯ ಹೆಂಗಸರು ಸಾಕಿ ದೊಡ್ಡ ಮಾಡಿದ ಹೇಟೆಗಳು. ಆ ಸಿಟ್ಟಿನಲ್ಲಿ ಇರುವವರಿಗೆ ಮಾರುವವನು ಫೋನಿನಲ್ಲಿ ಹೇಳಿದ ಮಾತು ಎಂಥದ್ದು ನೋಡಿ: “ಸರ್, ಕಾಂಡಕೊರಕಕ್ಕೆ ತೋಟದಲ್ಲಿ ಲ್ಯೂರ್ ಕಟ್ತೀರಲ್ಲ, ಅದೇ ವಿಜ್ಞಾನ ಸರ್ ಇದು. ನಿಮ್ಮ ಸ್ವಂತ ಜಾಗದಲ್ಲಿ ಹಾಕ್ಕೊಂಡ್ರೆ ಯಾರೂ ಕೇಳಲ್ಲ.” ಎರಡೂ ಸುಳ್ಳು. ಮೊದಲನೆಯದು ನಾಯಿಯ ಕಾಲು ತೆಗೆಯಿತು, ಎರಡನೆಯದು ಮನುಷ್ಯನನ್ನು ಕೋರ್ಟಿಗೆ ಎಳೆಯುತ್ತದೆ.

ಕಾಫಿಯವರಿಗೆ ಮೊದಲನೇ ಮಾತು ಯಾಕೆ ನಂಬಿಕೆ ಹುಟ್ಟಿಸುತ್ತದೆ ಅಂದರೆ ಅದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅರೇಬಿಕಾ ಗಿಡಕ್ಕೆ ಬೀಳುವ ಬಿಳಿ ಕಾಂಡಕೊರಕದಲ್ಲಿ ಗಂಡು ದುಂಬಿ ಒಂದು ವಾಸನೆ ಬಿಡುತ್ತದೆ, ಹೆಣ್ಣು ಅದನ್ನು ಹುಡುಕಿಕೊಂಡು ಬರುತ್ತದೆ. ಅದೇ ವಾಸನೆಯನ್ನು ಪ್ರಯೋಗಾಲಯದಲ್ಲಿ ತಯಾರಿಸಿ, ದುಂಬಿ ಹಾರುವ ಏಪ್ರಿಲ್–ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್ ತಿಂಗಳಲ್ಲಿ ಟ್ರ್ಯಾಪಿಗೆ ಕಟ್ಟುತ್ತೇವೆ, ಅದೇ ಲ್ಯೂರ್. ಆ ವಾಸನೆ ಹೆಚ್ಚಾಗಿ ಆ ಜಾತಿಯ ದುಂಬಿಗೇ ಅರ್ಥವಾಗುವಂಥದ್ದು. ಪಕ್ಕದಲ್ಲಿ ಹಾರುವ ಜೇನುಹುಳಕ್ಕೆ, ಚಿಟ್ಟೆಗೆ ಅದರಿಂದ ಏನೂ ಆಗುವುದಿಲ್ಲ. ತೋಟದ ಲ್ಯೂರಿನ ಸುರಕ್ಷತೆ ಇರುವುದೇ ಅಲ್ಲಿ.

ಸಸ್ತನಿಗಳ ವಾಸನೆ ಹಾಗಿಲ್ಲ. ಬೆಕ್ಕು, ನಾಯಿ, ನರಿ, ಪುನುಗು, ಚಿರತೆ ಎಲ್ಲವೂ ಒಂದರ ಗುರುತನ್ನು ಇನ್ನೊಂದು ಮೂಸುತ್ತವೆ. ತನ್ನ ಜಾಗಕ್ಕೆ ಯಾರು ಬಂದರು, ಯಾವಾಗ ಬಂದರು, ತಿನ್ನಲು ಏನಾದರೂ ಬಿಟ್ಟು ಹೋದರಾ ಅಂತ ನೋಡುವುದು ಅವುಗಳ ದಿನದ ಕೆಲಸ. ಹೊಸ ವಾಸನೆ ಬಂದರೆ ಹತ್ತಿರ ಹೋಗಿ ಮೂಸಿ, ಅದರ ಮೇಲೆ ತನ್ನದೊಂದು ಗುರುತು ಬಿಟ್ಟು ಬರದೆ ಅವುಗಳಿಗೆ ಸಮಾಧಾನ ಇಲ್ಲ. ಹಳ್ಳಿಯಲ್ಲಿ ಈ ಕೆಲಸ ಎಲ್ಲಕ್ಕಿಂತ ಮೊದಲು ಮಾಡುವುದು ನಾಯಿ. ಕಾಡಿನ ಪ್ರಾಣಿಗಳಲ್ಲಿ ಹೆಚ್ಚಿನವು ಹೊರಡುವುದು ಕತ್ತಲಾದ ಮೇಲೆ. ನಮ್ಮ ನಾಯಿಗಳು ಹಗಲೂ ರಾತ್ರಿ ಬೇಲಿಯುದ್ದಕ್ಕೂ ಓಡಾಡಿಕೊಂಡಿರುತ್ತವೆ. ಯಾವುದು ಮೊದಲು ಸಿಕ್ಕಿಬೀಳುತ್ತದೆ ಅನ್ನುವುದಕ್ಕೆ ವಿಜ್ಞಾನ ಓದಬೇಕಾಗಿಲ್ಲ.

ಆಮೇಲೆ ನಾನು ಆ ಬಾಟಲಿಯನ್ನು ಕೈಯಲ್ಲಿ ಹಿಡಿದು ನೋಡಿದೆ. ಮೇಲೆ ಕನ್ನಡದಲ್ಲಿ ಒಂದು ಚೀಟಿ ಅಂಟಿಸಿದ್ದರು, ಅದರಡಿ ಮೂಲ ಲೇಬಲ್. ಅದರಲ್ಲಿದ್ದ ಚಿತ್ರಗಳು ಅಮೆರಿಕದ ತೋಳದಂಥ ಕೊಯೋಟ್, ಕೆಂಪು ನರಿ ಮತ್ತು ಕಾಡುಬೆಕ್ಕಿನಂಥ ಬಾಬ್‌ಕ್ಯಾಟ್‌ದು. ಈ ಮೂರರಲ್ಲಿ ಒಂದೂ ನಮ್ಮ ಮಲೆನಾಡಿನಲ್ಲಿಲ್ಲ. ಉತ್ತರ ಅಮೆರಿಕದಲ್ಲಿ ತುಪ್ಪಳಕ್ಕಾಗಿ ಪ್ರಾಣಿ ಹಿಡಿಯುವುದು ಹಳೆಯ ಕಸುಬು. ಅಲ್ಲಿ ಅದಕ್ಕೆ ಲೈಸೆನ್ಸ್ ಇದೆ, ಋತು ಇದೆ, ಇಟ್ಟ ಟ್ರ್ಯಾಪನ್ನು ದಿನಕ್ಕೊಮ್ಮೆ ಹೋಗಿ ನೋಡಲೇಬೇಕೆಂಬ ನಿಯಮ ಹಲವು ರಾಜ್ಯಗಳಲ್ಲಿದೆ. ಹಿಡಿಯುವುದು ಚಳಿಗಾಲದಲ್ಲಿ, ತುಪ್ಪಳ ದಟ್ಟವಾಗಿ ಬೆಳೆದಾಗ. ಹೆಪ್ಪುಗಟ್ಟುವ ಚಳಿಯಲ್ಲಿ ವಾಸನೆ ಅಷ್ಟಾಗಿ ಹರಡುವುದಿಲ್ಲ. ಅದಕ್ಕೇ ಬೀವರ್‌ನ ಗ್ರಂಥಿಯಿಂದ ತೆಗೆದ ಕ್ಯಾಸ್ಟೋರಿಯಂ, ಸ್ಕಂಕ್‌ನ ಘಾಟು ರಸ, ಕೊಳೆಸಿದ ಮೀನೆಣ್ಣೆ, ಮೂತ್ರ, ಇಂಥ ಜೋರು ಪದಾರ್ಥಗಳನ್ನು ಬೆರೆಸುತ್ತಾರೆ. ಹೆಪ್ಪುಗಟ್ಟದಿರಲಿ ಅಂತ ಗ್ಲಿಸರಿನ್ನೋ ಗ್ಲೈಕಾಲೋ ಸೇರಿಸುತ್ತಾರೆ. ಹಿಮದಲ್ಲಿ ಬಟಾಣಿ ಕಾಳಿನಷ್ಟು ಇಡಲು ಮಾಡಿದ ಆ ಪದಾರ್ಥವನ್ನು ನಮ್ಮ ಸೆಖೆ, ಮಂಜು, ಹಳ್ಳದ ಗಾಳಿ ಇರುವ ಜಾಗದಲ್ಲಿ ಅರ್ಧ ಬಾಟಲಿ ಸುರಿದರೆ ಏನಾಗುತ್ತದೆ? ನಮ್ಮ ಕಣದಲ್ಲಿ ನಿಂತರೂ ಮೂಗಿಗೆ ಬಡಿಯುತ್ತಿತ್ತು. ಎರಡು ಹಳ್ಳ ದಾಟಿ ಯಾರದೋ ಮನೆಯ ನಾಯಿಗಳು ಬಂದು ಆ ಬೇಲಿಯ ಹತ್ತಿರ ಕಚ್ಚಾಡುತ್ತಿದ್ದವು.

ಆ ಕಸುಬು ಮಾಡುವವರೇ ಹೊಸಬರಿಗೆ ಕಲಿಸುವ ಪಾಠಗಳಲ್ಲಿ ಒಂದು, ಮನೆ ಮತ್ತು ನಾಯಿ ಓಡಾಡುವ ದಾರಿಯ ಹತ್ತಿರ ಈ ವಾಸನೆ ಇಡಬಾರದು ಅನ್ನುವುದು. ಮಾರುವವನು ಆ ಮಾತನ್ನು ಮಾತ್ರ ಹೇಳಲಿಲ್ಲ. ಬಾಟಲಿಯಲ್ಲಿ ಏನೇನಿದೆ ಅಂತ ಪಟ್ಟಿಯೂ ಇರಲಿಲ್ಲ. ಗ್ಲೈಕಾಲ್‌ನಲ್ಲಿ ಎಥಿಲೀನ್ ಗ್ಲೈಕಾಲ್ ಅಂತ ಒಂದಿದೆ, ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕಿದರೆ ಕಿಡ್ನಿ ಹೋಗುತ್ತದೆ. ಒಳಗಿರುವುದೇನೆಂದು ಬರೆಯದ ಬಾಟಲಿಯನ್ನು ಮಕ್ಕಳಿರುವ ಅಂಗಳಕ್ಕೆ ತರುವುದು ಹೇಗೆ?

ಬಾಟಲಿಯ ಜೊತೆಗೆ ಉಚಿತ ಸಲಹೆಯಾಗಿ ಬಂದದ್ದು ಉರುಳು. ಬೋನು ದುಬಾರಿ, ಒಂದೇ ಸಾಕು, ಉಳಿದ ಕಡೆ ಬೈಕಿನ ಕ್ಲಚ್ ವೈರಿನ ಕುಣಿಕೆ ಹಾಕಿ, ಹತ್ತಿರ ಒಂದು ಕಡ್ಡಿಗೆ ವಾಸನೆ ಸವರಿ ಅಂದಿದ್ದನಂತೆ. ಮಲೆನಾಡಿನವರಿಗೆ ಉರುಳು ಏನು ಮಾಡುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಹಂದಿಗೆಂದು ಹಾಕಿದ್ದರಲ್ಲಿ ಚಿರತೆ ಸೊಂಟಕ್ಕೆ ಸಿಕ್ಕಿಹಾಕಿಕೊಂಡು ನರಳಿ ಸತ್ತ ಸುದ್ದಿ ಈ ಭಾಗದಲ್ಲಿ ಎಷ್ಟು ಸಲ ಓದಿಲ್ಲ.

ನಮ್ಮ ನಾಯಿ ಕರಿಯ ಬೆಳಿಗ್ಗೆ ಮನೆಗೆ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಲೈನ್ ಮನೆಯ ಹುಡುಗ ಓಡಿ ಬಂದು, “ಅಣ್ಣಾ, ಹಳ್ಳದ ಬೇಲೀಲಿ ಕರಿಯ ಅಳ್ತಾ ಐತೆ” ಅಂದ. ಹೋಗಿ ನೋಡಿದರೆ ವೈರು ಮುಂಗಾಲಿನ ಮಾಂಸ ಕುಯ್ದು ಮೂಳೆಗೆ ತಾಗಿತ್ತು. ಬಿಡಿಸಿಕೊಳ್ಳಲು ಸುತ್ತಿ ಸುತ್ತಿ ಇಡೀ ಜಾಗದ ಮಣ್ಣು ಕೆದರಿತ್ತು. ನಾನು ಕಟಿಂಗ್ ಪ್ಲೇಯರ್ ತರುವಷ್ಟರಲ್ಲಿ ಆ ಹುಡುಗ ಕೈ ಹಾಕಿ ಬಿಡಿಸಲು ಹೋಗಿದ್ದಾನೆ. ದಿನಾ ಅವನ ಕೈಯಿಂದಲೇ ಅನ್ನ ತಿನ್ನುವ ನಾಯಿ, ನೋವಿನಲ್ಲಿ ಅವನ ಅಂಗೈಯನ್ನೇ ಕಚ್ಚಿತು. ನಾಯಿಗೆ ಲಸಿಕೆ ಆಗಿತ್ತು, ಆದರೂ ಗಾಯ ಆಳವಾಗಿತ್ತು, ಮೊದಲು ಆ ಜಾಗದಲ್ಲಿ ಯಾವ ಪ್ರಾಣಿ ಕಚ್ಚಾಡಿದೆಯೋ ಗೊತ್ತಿಲ್ಲ. ಸೋಪು ಹಾಕಿ ಹದಿನೈದು ನಿಮಿಷ ನೀರು ಬಿಟ್ಟು ತೊಳೆದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಲಸಿಕೆಯ ಒಂದೊಂದು ಸರದಿಗೂ ಕೂಲಿ ಬಿಟ್ಟು ಬಸ್ಸು ಹತ್ತಬೇಕು. ಕೋಳಿ ಹೋದದ್ದು ಒಬ್ಬರದು, ವಾಸನೆ ಇಟ್ಟದ್ದು ಅವರು, ಕೂಲಿ ಕಳೆದುಕೊಂಡದ್ದು ಈ ಹುಡುಗ. ನನಗೆ ಈಗಲೂ ಹೊಟ್ಟೆ ಉರಿಯುವುದು ಇದಕ್ಕೇ.

ಕರಿಯನನ್ನು ಹಾಸನದವರೆಗೂ ಕರೆದುಕೊಂಡು ಹೋದೆವು. ಕಾಲಿಗೆ ರಕ್ತ ಓಡಾಡುತ್ತಿಲ್ಲ, ಉಳಿಸಿಕೊಂಡರೆ ಕೊಳೆತು ಜೀವಕ್ಕೇ ಕುತ್ತು ಅಂದರು ವೈದ್ಯರು. ತೆಗೆಸಿದೆವು. ಈಗ ಮೂರು ಕಾಲಿನಲ್ಲಿ ಓಡಾಡುತ್ತಾನೆ.

ಬೋನಿನಲ್ಲಿ ಸಿಕ್ಕಿದ್ದು ಕಬ್ಬೆಕ್ಕು. ತಂತಿ ಕಚ್ಚಿ ಕಚ್ಚಿ ಬಾಯೆಲ್ಲ ರಕ್ತ. ಕಬ್ಬೆಕ್ಕು ಕೋಳಿ ಮುಟ್ಟುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ, ಗೂಡು ತೆರೆದಿದ್ದರೆ ಮುಟ್ಟುತ್ತದೆ. ಆದರೆ ಅದರ ಮುಖ್ಯ ಊಟ ಹಣ್ಣು. ಬಗನಿ ಹಣ್ಣು, ಅತ್ತಿ ಹಣ್ಣು, ಮಾಗಿದ ಕಾಫಿ ಹಣ್ಣು. ಅದರ ಹಿಕ್ಕೆಯಲ್ಲಿ ಉದುರಿದ ಬೀಜದಿಂದ ಎಷ್ಟೋ ಕಾಡುಮರ ಏಳುತ್ತವೆ. ನಮ್ಮ ತೋಟಗಳಿಗೆ ನೆರಳು ಕೊಡುವ ಮರಗಳಲ್ಲಿ ಅದು ಬಿತ್ತಿದ್ದೂ ಇವೆ. ಕೋಳಿ ಅದೇ ತಿಂದಿತ್ತು ಅನ್ನುವುದಕ್ಕೆ ಯಾವ ಪುರಾವೆಯೂ ಇರಲಿಲ್ಲ. ವಾಸನೆ ಎಳೆದು ತಂದಿತು, ಅಷ್ಟೇ. ಅರಣ್ಯ ಇಲಾಖೆಯವರು ಬಂದು ಅದನ್ನು ಪರೀಕ್ಷೆ ಮಾಡಿಸಿ ಬಿಟ್ಟರು, ಬೇಲಿಯುದ್ದಕ್ಕೂ ನಡೆದು ಉರುಳುಗಳನ್ನು ಕಿತ್ತರು, ಬಾಟಲಿ ಮತ್ತು ಬೋನು ವಶಕ್ಕೆ ಪಡೆದರು.

ಈಗ ಎರಡನೇ ಸುಳ್ಳಿನ ವಿಷಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಅಂದರೆ ಕೋವಿ ಹಿಡಿದು ಹೊಡೆಯುವುದಷ್ಟೇ ಅಂತ ತುಂಬಾ ಜನ ತಿಳಿದಿದ್ದಾರೆ. ಸೆಕ್ಷನ್ 2(16) ತೆಗೆದು ಓದಿ. ಉರುಳು ಹಾಕುವುದು, ಬೋನಿನಲ್ಲಿ ಹಿಡಿಯುವುದು, ಆಮಿಷ ಒಡ್ಡುವುದು, ಇವುಗಳ ಪ್ರಯತ್ನ ಕೂಡ ಬೇಟೆಯೇ. ಪ್ರಾಣಿ ಸಿಗದಿದ್ದರೂ ಅಪರಾಧ. ಸೆಕ್ಷನ್ 9ರ ನಿಷೇಧ ಕಾಡಿನೊಳಗೆ ಹೇಗೋ ನಮ್ಮ ಪಟ್ಟಾ ಜಮೀನಿನಲ್ಲೂ ಹಾಗೇ. 2022ರ ತಿದ್ದುಪಡಿ ಆದ ಮೇಲೆ ಸಾಮಾನ್ಯ ಅಪರಾಧಕ್ಕೆ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅನುಸೂಚಿ 1, ಅಂದರೆ ಕಾಯ್ದೆ ಅತಿ ಹೆಚ್ಚು ರಕ್ಷಣೆ ಕೊಡುವ ಪಟ್ಟಿಯ ಪ್ರಾಣಿಯಾದರೆ ಜೈಲು ಕನಿಷ್ಠ 3 ವರ್ಷದಿಂದ 7 ವರ್ಷ, ದಂಡ 25,000 ರೂಪಾಯಿಗೆ ಕಡಿಮೆ ಇಲ್ಲ. ಚಿರತೆ ಆ ಪಟ್ಟಿಯಲ್ಲಿದೆ. ಕೋಳಿ ಕಳ್ಳನಿಗೆಂದು ಇಟ್ಟ ವಾಸನೆಗೆ ಚಿರತೆ ಬರುವುದಿಲ್ಲ ಅಂತ ಯಾರು ಜಾಮೀನು ಕೊಡುತ್ತಾರೆ?

ಬರುತ್ತದೆ ಅನ್ನುವುದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ಇದೆ. 2018ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಜನರನ್ನು ಕೊಂದಿದೆ ಎನ್ನಲಾದ ‘ಅವನಿ’ (ಟಿ-1) ಅನ್ನುವ ಹೆಣ್ಣು ಹುಲಿಯನ್ನು ಸೆಳೆಯಲು ಅರಣ್ಯ ಇಲಾಖೆ ಕ್ಯಾಲ್ವಿನ್ ಕ್ಲೈನ್ ಕಂಪನಿಯ ‘ಒಬ್ಸೆಷನ್ ಫಾರ್ ಮೆನ್’ ಅನ್ನುವ ಸೆಂಟು ಬಳಸಿತ್ತು. ಅದರಲ್ಲಿ ಪುನುಗಿನ ವಾಸನೆ ಕೊಡುವ ಸಿವೆಟೋನ್ ಇದೆ, ದೊಡ್ಡ ಬೆಕ್ಕುಗಳು ಅದನ್ನು ಬಿಟ್ಟು ಹೋಗುವುದಿಲ್ಲ. ಪಶುವೈದ್ಯರು, ಕ್ಯಾಮೆರಾ, ಅರಿವಳಿಕೆ ಬಂದೂಕು, ದೊಡ್ಡ ತಂಡ ಎಲ್ಲ ಇದ್ದ ಆ ಕಾರ್ಯಾಚರಣೆಯೂ ನವೆಂಬರ್ 2ರ ರಾತ್ರಿ ಹುಲಿ ಗುಂಡೇಟಿಗೆ ಸಾಯುವುದರಲ್ಲಿ ಮುಗಿಯಿತು. ನಮ್ಮಲ್ಲಿ ಹಿತ್ತಲ ಬೇಲಿಗೆ ಅಂಥದ್ದೇ ವಾಸನೆ ಸವರಿ ಬಾಗಿಲು ಹಾಕಿಕೊಂಡು ಮಲಗಿ ಅನ್ನುತ್ತಾರೆ. ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಅಂಚಿನಲ್ಲಿ ಬದುಕುತ್ತಿರುವವರು ನಾವು.

ಇನ್ನೊಂದು ಅನುಮಾನವನ್ನೂ ಬರೆದುಬಿಡುತ್ತೇನೆ. ಈ ಬಾಟಲಿ ಕೋಳಿ ಸಾಕುವವರಿಗೆ ಮಾತ್ರ ಮಾರಾಟ ಆಗುತ್ತಿದೆ ಅಂತ ನನಗೆ ಅನ್ನಿಸುವುದಿಲ್ಲ. ಬಣ್ಣದ ಕುಂಚಕ್ಕೆ ಮುಂಗುಸಿ ಕೂದಲು, ನೀರುನಾಯಿ ಚರ್ಮ, ಪುನುಗು, ಇವಕ್ಕೆಲ್ಲ ಕದ್ದು ಕೊಳ್ಳುವವರು ದೇಶದಲ್ಲಿ ಇದ್ದಾರೆ. ಬಿಲ್ಲಿನಲ್ಲಿ ‘ಗಾರ್ಡನ್ ಸ್ಪ್ರೇ’ ಅಂತ ಬರೆದು ಕಳಿಸಿದ್ದು ಯಾಕೆ? ಕಾನೂನುಬದ್ಧ ಸರಕಾಗಿದ್ದರೆ ಹೆಸರು ಮುಚ್ಚಿಡುವ ಅಗತ್ಯ ಏನಿತ್ತು?

ಕೋಳಿ ಉಳಿಸಿಕೊಳ್ಳುವುದು ಹೇಗೆ ಅಂತ ಕೇಳುವವರಿಗೆ: ಷಟ್ಕೋನದ ತೆಳು ಕೋಳಿಬಲೆ ಸಾಲದು, ಅದು ಕೋಳಿಯನ್ನು ಒಳಗಿಡುತ್ತದೆಯೇ ಹೊರತು ಪ್ರಾಣಿಯನ್ನು ತಡೆಯುವುದಿಲ್ಲ. ಅರ್ಧ ಇಂಚಿನ ವೆಲ್ಡ್‌ಮೆಶ್ ಹಾಕಿಸಿ. ಕೆಳಗೆ ಒಂದು ಅಡಿ ಮಣ್ಣಿನೊಳಗೆ ಹೋಗಲಿ ಅಥವಾ ಗೂಡಿನ ಸುತ್ತ ನೆಲದ ಮೇಲೆ ಹಾಸಿ ಕಲ್ಲು ಹೇರಿ, ಅಗೆಯುವ ಪ್ರಾಣಿ ಅಲ್ಲಿಗೇ ನಿಲ್ಲುತ್ತದೆ. ಮಾಡಿನ ಸಂದು ನೋಡಿ. ಕಬ್ಬೆಕ್ಕು ಮೇಲಿನಿಂದ ಬರುತ್ತದೆ, ಮುಂಗುಸಿ ಕೆಳಗಿನಿಂದ, ಅದೂ ಹಗಲಲ್ಲಿ. ಚಿಲಕಕ್ಕೆ ಕೊಕ್ಕೆ ಇರಲಿ. ಹಲಸಿನ ಸಿಪ್ಪೆ, ಮೀನಿನ ತ್ಯಾಜ್ಯ, ಸತ್ತ ಮರಿ ಗೂಡಿನ ಹತ್ತಿರ ಎಸೆಯಬೇಡಿ, ಅದಕ್ಕಿಂತ ದೊಡ್ಡ ಆಮಿಷ ಇನ್ನೊಂದಿಲ್ಲ. ಪಕ್ಕದವರೂ ಕೊನೆಗೆ ಮಾಡಿಸಿದ್ದು ಇದನ್ನೇ. ಖರ್ಚು ಬಾಟಲಿ ಮತ್ತು ಬೋನಿಗಿಂತ ಹೆಚ್ಚೇನೂ ಬರಲಿಲ್ಲ, ಆಮೇಲೆ ಕೋಳಿ ಹೋಗಿಲ್ಲ.

ನಿಮ್ಮಲ್ಲಿ ಯಾರಾದರೂ ಈಗಾಗಲೇ ತರಿಸಿದ್ದರೆ ಮುಚ್ಚಳ ತೆಗೆಯಬೇಡಿ. ಹಳ್ಳಕ್ಕೆ ಸುರಿಯಬೇಡಿ, ಬಚ್ಚಲ ಒಲೆಗೂ ಹಾಕಬೇಡಿ. ಬಿಗಿಯಾಗಿ ಕಟ್ಟಿ ನಿಮ್ಮ ಭಾಗದ ಅರಣ್ಯ ಕಚೇರಿಗೆ ಕೊಡಿ. ಉರುಳು ಹಾಕಿದ್ದರೆ ಇವತ್ತು ಕತ್ತಲಾಗುವ ಮೊದಲು ಹೋಗಿ ಕಿತ್ತುಬಿಡಿ, ಯಾವ ಯಾವ ಕಡೆ ಹಾಕಿದ್ದೀರಿ ಅಂತ ಕೆಲಸದವರನ್ನೂ ಕೇಳಿ, ಒಂದಾದರೂ ಮರೆತಿರುತ್ತದೆ. ಪ್ರಾಣಿ ಸಿಕ್ಕಿದ್ದರೆ ಹತ್ತಿರ ಹೋಗಬೇಡಿ, ಜನ ಸೇರಿಸಬೇಡಿ, ನಾಯಿಗಳನ್ನು ಕಟ್ಟಿಹಾಕಿ 1926ಕ್ಕೆ ಕರೆ ಮಾಡಿ, ಅದು ಅರಣ್ಯ ಇಲಾಖೆಯ ಸಹಾಯವಾಣಿ. ಸಿಕ್ಕಿದ್ದು ನಿಮ್ಮ ಸ್ವಂತ ನಾಯಿಯೇ ಆದರೂ ಮೊದಲು ಗೋಣಿಚೀಲವನ್ನೋ ಕಂಬಳಿಯನ್ನೋ ತಲೆಯ ಮೇಲೆ ಹೊದಿಸಿ, ಆಮೇಲೆ ವೈರನ್ನು ಗೂಟದ ಕಡೆಯಿಂದ ಕತ್ತರಿಸಿ. ಕಾಲಿಗೆ ಬಿಗಿದ ಭಾಗವನ್ನು ವೈದ್ಯರೇ ಬಿಡಿಸಲಿ.